‘ಅನೈತಿಕ ಚಟುವಟಿಕೆಗಳ ತಾಣ’: ಒಂದು ನುಡಿಗಟ್ಟಿನ ವಿಮರ್ಶೆ
(ದಾವಣಗೆರೆ–ಹರಿಹರ ಪರಿಸರದ ಕನ್ನಡವನ್ನು ಆಧರಿಸಿ)

1

ಇಂಗ್ಲಿಷಿನ ‘ಡೆನ್ ಆಫ್ ಇನಿಕ್ವಿಟಿ’ ಎಂಬ ನುಡಿಗಟ್ಟನ್ನು ಕನ್ನಡಕ್ಕೆ ತರುವುದು ಹೇಗೆ ಎಂಬ ಪ್ರಶ್ನೆ ಮೇಲುನೋಟಕ್ಕೆ ಚಿಕ್ಕದು. ನಿಘಂಟನ್ನು ತೆರೆದು ಎರಡು ಪದಗಳಿಗೆ ಎರಡು ಅರ್ಥಗಳನ್ನು ಆರಿಸಿ ಷಷ್ಠೀ ವಿಭಕ್ತಿಯಿಂದ ಬೆಸೆದರೆ ‘ಅಧರ್ಮದ ಗುಹೆ’ ಎಂಬ ರೂಪ ದೊರೆಯುತ್ತದೆ. ವ್ಯಾಕರಣದ ದೃಷ್ಟಿಯಿಂದ ಇದರಲ್ಲಿ ದೋಷವಿಲ್ಲ. ಆದರೆ ಕನ್ನಡಿಗರು ಹೀಗೆ ಹೇಳುವುದಿಲ್ಲ. ಅವರು ಹೇಳುವುದು, ಅದಕ್ಕಿಂತ ಹೆಚ್ಚಾಗಿ ಬರೆಯುವುದು, ಬೇರೊಂದು ಮಾತನ್ನು: ‘ಅನೈತಿಕ ಚಟುವಟಿಕೆಗಳ ತಾಣ’. ಪತ್ರಿಕೆಗಳ ಜಿಲ್ಲಾ ಪುಟಗಳನ್ನು ನಿತ್ಯ ಓದುವವರಿಗೆ ಇದು ಎಷ್ಟು ಪರಿಚಿತವೆಂದರೆ, ‘ಪಾಳು ಬಿದ್ದ’ ಎಂದು ಆರಂಭವಾಗುವ ಶೀರ್ಷಿಕೆಯ ಉಳಿದರ್ಧವನ್ನು ಓದದೆಯೇ ಪೂರ್ತಿಮಾಡಬಲ್ಲರು. ಬಳಕೆಯಾಗದ ಶೌಚಾಲಯ, ಉದ್ಘಾಟನೆಯಾಗಿಯೂ ಬೀಗ ತೆರೆಯದ ಸಮುದಾಯ ಭವನ, ಬಾಗಿಲು ಕಿತ್ತುಹೋದ ವಸತಿಗೃಹ, ಊರ ಹೊರಗಿನ ಬಸ್ ತಂಗುದಾಣ, ಇವೆಲ್ಲವೂ ಒಂದಲ್ಲ ಒಂದು ದಿನ ಈ ‘ತಾಣ’ವಾಗಿ ಮಾರ್ಪಡುತ್ತವೆ.

ಈ ಲೇಖನದ ವಸ್ತು ಆ ಮಾರ್ಪಾಟು. ಇಂಗ್ಲಿಷ್ ನುಡಿಗಟ್ಟನ್ನು ಅಳತೆಗೋಲಾಗಿ ಇಟ್ಟುಕೊಂಡು, ದಾವಣಗೆರೆ ನಗರ ಮತ್ತು ಹರಿಹರದ ಸುತ್ತಿನ ಕನ್ನಡದಲ್ಲಿ ‘ಕೆಟ್ಟ ಜಾಗ’ವನ್ನು ಹೆಸರಿಸುವ ಪದಗಳು ಹೇಗೆ ವರ್ತಿಸುತ್ತವೆ ಎಂಬುದನ್ನು ನೋಡುವುದು ಮೊದಲ ಉದ್ದೇಶ. ಆ ಪದಗಳ ನಡುವೆ ಇಂದು ಮೇಲುಗೈ ಸಾಧಿಸಿರುವ ಒಂದು ನುಡಿಗಟ್ಟು ಉಳಿದವುಗಳಿಗಿಂತ ಹೆಚ್ಚು ಮರೆಮಾಚುತ್ತದೆ ಎಂದು ತೋರಿಸುವುದು ಎರಡನೆಯದು. ಎರಡನೆಯದರ ಬಗ್ಗೆ ನನಗೆ ನಿಲುವು ಇದೆ. ಅದನ್ನು ತಟಸ್ಥತೆಯ ಮುಸುಕಿನಲ್ಲಿ ಅಡಗಿಸುವುದಿಲ್ಲ.

2

ಮೊದಲು ಇಂಗ್ಲಿಷಿನ ಮಾತನ್ನು ಬಿಡಿಸಿಕೊಳ್ಳೋಣ. ‘ಡೆನ್’ ಎಂಬುದು ಹಳೆಯ ಇಂಗ್ಲಿಷಿನ ಪದ. ಕಾಡುಪ್ರಾಣಿ ಒರಗುವ ಎಡೆ ಎಂಬುದು ಅದರ ಮೂಲಾರ್ಥ. ‘ಇನಿಕ್ವಿಟಿ’ ಲ್ಯಾಟಿನ್ನಿನಿಂದ ಫ್ರೆಂಚಿನ ಮೂಲಕ ಬಂದದ್ದು. ‘ಸಮ’ ಎಂಬರ್ಥದ ‘ಈಕ್ವುಸ್’ಗೆ ನಿಷೇಧಾರ್ಥಕ ಪೂರ್ವಪ್ರತ್ಯಯ ಸೇರಿ ಆದ ರೂಪ. ಅಂದರೆ ಪದದ ಬೇರಿನಲ್ಲಿರುವುದು ಪಾಪವಲ್ಲ, ಅಸಮತೆ, ತಕ್ಕಡಿಯ ಓರೆ. ಬೈಬಲ್ ಅನುವಾದಗಳ ಬಳಕೆ ಅದಕ್ಕೆ ಪಾಪದ ಬಣ್ಣವನ್ನು ಗಾಢವಾಗಿ ಬಳಿಯಿತು. ದೇವಾಲಯವನ್ನು ಕಳ್ಳರ ‘ಡೆನ್’ ಮಾಡಿದಿರಿ ಎಂಬ ಮತ್ತಾಯನ ಸುವಾರ್ತೆಯ ಮಾತು 1526ರ ಟಿಂಡೇಲನ ಅನುವಾದದಲ್ಲಿಯೂ 1611ರ ಅಧಿಕೃತ ಅನುವಾದದಲ್ಲಿಯೂ ಬಂದು, ಮನುಷ್ಯರ ಕೆಟ್ಟ ನೆಲೆಯನ್ನು ಪ್ರಾಣಿಯ ನೆಲೆಯೆಂದು ಕರೆಯುವ ರೂಪಕವನ್ನು ಮನೆಮನೆಗೂ ತಲುಪಿಸಿತು. ಮುಂದೆ ಅಫೀಮಿನ ಡೆನ್, ಜೂಜಿನ ಡೆನ್ ಮೊದಲಾದವು ಇದೇ ಜಾಡಿನಲ್ಲಿ ಬೆಳೆದವು.

ಆದರೆ ಇಂದು ‘ಡೆನ್ ಆಫ್ ಇನಿಕ್ವಿಟಿ’ಯನ್ನು ಗಂಭೀರವಾಗಿ ಬಳಸುವ ಇಂಗ್ಲಿಷ್ ಭಾಷಿಕರು ಕಡಿಮೆ. ಸೋದರತ್ತೆಯನ್ನು ತನ್ನ ಅಸ್ತವ್ಯಸ್ತ ಕೋಣೆಗೆ ಕರೆಯುವ ತರುಣ ನಗುತ್ತಾ ಈ ಮಾತನ್ನು ಹೇಳಿಯಾನು. ಧರ್ಮಪೀಠದ ಭಾರ ಪದಗಳಲ್ಲಿ ಉಳಿದು, ಆ ಭಾರವನ್ನು ನಂಬುವವರು ಕಡಿಮೆಯಾದಾಗ ಹುಟ್ಟುವ ಹಾಸ್ಯ ಇದು. ನುಡಿಗಟ್ಟು ಬದುಕಿರುವುದೇ ಅದರ ಅಕ್ಷರಾರ್ಥ ಸತ್ತಿರುವುದರಿಂದ.

ಅನುವಾದದ ತರಗತಿಯೊಂದರಲ್ಲಿ ಈ ಸನ್ನಿವೇಶವನ್ನೇ ಕೊಟ್ಟು ಕನ್ನಡಿಸಲು ಹೇಳಿದ್ದೆ. ನಿಘಂಟನ್ನು ನಂಬಿದವರು ‘ಪಾಪಕೂಪ’ ಎಂದು ಬರೆದರು. ಪತ್ರಿಕೆಯನ್ನು ನಂಬಿದವರು, ಊಹಿಸಬಹುದಾದಂತೆ, ಅತ್ತೆಯನ್ನು ಅನೈತಿಕ ಚಟುವಟಿಕೆಗಳ ತಾಣಕ್ಕೆ ಸ್ವಾಗತಿಸಿದರು. ಹರಿಹರದ ವಿದ್ಯಾರ್ಥಿನಿಯೊಬ್ಬಳು ಮಾತ್ರ ‘ನಮ್ ಹಾಳ್ ಕೊಂಪಿಗೆ ಬರ್ರಿ ಅತ್ತಿ’ ಎಂದು ಬರೆದು, ಗ್ರಾಂಥಿಕವಲ್ಲವೆಂಬ ಅಳುಕಿನಿಂದ ಹೊಡೆದುಹಾಕಿದ್ದಳು. ಹೊಡೆದುಹಾಕಿದ ಆ ಸಾಲೇ ಸರಿಯಾದ ಅನುವಾದ. ‘ಕೊಂಪೆ’ಯಲ್ಲಿ ಪಾಪವಿಲ್ಲ, ನಿಜ, ಆದರೆ ತನ್ನ ನೆಲೆಯನ್ನು ತಾನೇ ಹಳಿದುಕೊಂಡು ಅತಿಥಿಯನ್ನು ಹತ್ತಿರಕ್ಕೆ ಕರೆಯುವ ಭಾಷಿಕ ಕ್ರಿಯೆ ಎರಡೂ ಕಡೆ ಒಂದೇ. ನುಡಿಗಟ್ಟಿನ ಅನುವಾದದಲ್ಲಿ ಉಳಿಯಬೇಕಾದುದು ಆ ಕ್ರಿಯೆ.

ಉಳಿದೆರಡು ಉತ್ತರಗಳು ಏಕೆ ತಪ್ಪಿದವು? ಆ ಪದಗಳು ಕನ್ನಡದಲ್ಲಿ ಇನ್ನೂ ಹಾಸ್ಯಕ್ಕೆ ಒದಗಿಲ್ಲ. ‘ಪಾಪಕೂಪ’ ಪ್ರವಚನದ ಪದ. ‘ಅನೈತಿಕ ಚಟುವಟಿಕೆಗಳ ತಾಣ’ ವರದಿಯ ಪದ. ಇಂಗ್ಲಿಷ್ ನುಡಿಗಟ್ಟಿಗೆ ಮುಪ್ಪು ಬಂದು ಮೃದುವಾಗಿದೆ. ಕನ್ನಡದ ನುಡಿಗಟ್ಟು ಇನ್ನೂ ಪ್ರಾಯದಲ್ಲಿದೆ, ಅದರ ಕೈಯಲ್ಲಿ ಲಾಠಿಯಿದೆ.

3

‘ಡೆನ್’ಗೆ ಸಮಾನವೆಂದು ತೋರುವ ‘ಗವಿ’, ‘ಗುಹೆ’ಗಳು ಕನ್ನಡದಲ್ಲಿ ಈ ಕೆಲಸಕ್ಕೆ ಒಗ್ಗುವುದಿಲ್ಲವೆಂಬುದನ್ನು ಗಮನಿಸಬೇಕು. 19ನೆಯ ಶತಮಾನದ ಆರಂಭದಲ್ಲಿ ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಮೊದಲಾದ ಮಿಷನರಿಗಳಿಂದ ಆರಂಭವಾದ ಕನ್ನಡ ಬೈಬಲ್ ಅನುವಾದದ ಪರಂಪರೆಯಲ್ಲಿ, ಇಂದು ರೂಢಿಯಲ್ಲಿರುವ ಪಾಠವು ಮತ್ತಾಯನ ಮಾತಿಗೆ ‘ಗವಿ’ಯನ್ನೇ ಬಳಸುತ್ತದೆ. ಕಳ್ಳರಿಗೆ ಗವಿ ಹೊಂದುತ್ತದೆ, ಏಕೆಂದರೆ ಅವರು ಅಡಗುವವರು. ಆದರೆ ‘ಕುಡುಕರ ಗವಿ’, ‘ಜೂಜಿನ ಗವಿ’ ಎಂದು ಮಧ್ಯ ಕರ್ನಾಟಕದಲ್ಲಿ ಕೇಳಲಾಗದು. ಈ ಸೀಮೆಯ ಕಿವಿಗೆ ಗವಿ ಎಂದರೆ ಗವಿಮಠ, ಗವಿಸಿದ್ಧೇಶ್ವರ, ತಪಸ್ಸಿನ ಎಡೆ. ಗುಹೆಯೂ ಸಿಂಹದ್ದು ಅಥವಾ ಋಷಿಯದ್ದು. ಎರಡರಲ್ಲಿಯೂ ಭಯವಿದೆ, ಹೇಸಿಗೆಯಿಲ್ಲ.

ಹರಿಹರದ ಮಟ್ಟಿಗೆ ಇದಕ್ಕೆ ಇನ್ನೊಂದು ಪದರವಿದೆ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವನು 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯದ ಸ್ಥಳಪುರಾಣ ಗುಹಾಸುರನ ಕಥೆ. ಹರಿಯೊಬ್ಬನಿಂದಾಗಲಿ ಹರನೊಬ್ಬನಿಂದಾಗಲಿ ಸಾಯದ ವರ ಪಡೆದವನನ್ನು ಇಬ್ಬರೂ ಒಂದಾಗಿ ಕೊಲ್ಲುತ್ತಾರೆ. ಸಾಯುವ ಮುನ್ನ ಅಸುರ ಕೇಳಿಕೊಂಡದ್ದು ಆ ನೆಲಕ್ಕೆ ತನ್ನ ಹೆಸರು ಉಳಿಯಲಿ ಎಂದು; ಆದುದರಿಂದ ಅದು ಗುಹಾರಣ್ಯ ಕ್ಷೇತ್ರ. ಅಧರ್ಮಿಯ ನೆಲೆಯೇ ಕ್ಷೇತ್ರವಾಯಿತು, ಅವನ ಹೆಸರು ಅಳಿಯಲಿಲ್ಲ. ಪುರಾಣವನ್ನು ಭಾಷಾಶಾಸ್ತ್ರದ ಸಾಕ್ಷ್ಯವೆಂದು ಮಂಡಿಸುತ್ತಿಲ್ಲ. ಜಾಗವನ್ನೂ ಅಲ್ಲಿ ನಡೆದುದನ್ನೂ ಪ್ರತ್ಯೇಕಿಸಿ ನೋಡುವ ಒಂದು ಹೆಸರಿಡುವ ಕ್ರಮ ಈ ನೆಲಕ್ಕೆ ಗೊತ್ತಿತ್ತು ಎಂಬುದಷ್ಟೇ ಇಲ್ಲಿ ಬೇಕಾದುದು.

ಹಾಗಾದರೆ ಕೆಟ್ಟ ಜಾಗಕ್ಕೆ ಕನ್ನಡ ಯಾವ ಪದಗಳನ್ನು ಬಳಸುತ್ತದೆ? ಕೂಪ, ಆಗರ, ಗೂಡು, ಕೊಂಪೆ, ಅಡ್ಡೆ, ತಾಣ ಇವು ಮುಖ್ಯವಾದವು. ನಿಘಂಟಿನಲ್ಲಿ ಇವು ಒಂದರ ಬದಲಿಗೆ ಒಂದು ಬರಬಲ್ಲವು ಎಂಬಂತೆ ತೋರುತ್ತವೆ. ಬಳಕೆಯಲ್ಲಿ ಹಾಗಿಲ್ಲ, ಪ್ರತಿಯೊಂದಕ್ಕೂ ತನ್ನ ಹಿಂದೆ ಯಾವ ಬಗೆಯ ಷಷ್ಠ್ಯಂತ ಪದ ನಿಲ್ಲಬಹುದು ಎಂಬ ಕಟ್ಟುಪಾಡಿದೆ. ‘ಕೂಪ’ಕ್ಕೆ ಸಂಸ್ಕೃತದ ಭಾವವಾಚಕವೇ ಬೇಕು: ಪಾಪಕೂಪ, ನರಕಕೂಪ, ಭ್ರಷ್ಟಾಚಾರದ ಕೂಪ. ‘ಕುಡುಕರ ಕೂಪ’ ಎಂದೊಡನೆ ವಾಕ್ಯ ಕುಂಟುತ್ತದೆ. ‘ಆಗರ’ಕ್ಕೆ ರಾಶಿಯಾಗಬಲ್ಲದ್ದು ಬೇಕು, ಒಳ್ಳೆಯದಾದರೂ ಸರಿ, ಕೆಟ್ಟದ್ದಾದರೂ ಸರಿ: ಜ್ಞಾನದ ಆಗರ, ಸಮಸ್ಯೆಗಳ ಆಗರ. ‘ಕೊಂಪೆ’ ಯಾರ ಹಂಗಿಗೂ ಬೀಳದೆ ‘ಹಾಳು’ ಎಂಬ ವಿಶೇಷಣದೊಂದಿಗೆ ಒಂಟಿಯಾಗಿ ನಿಲ್ಲುತ್ತದೆ. ‘ಅಡ್ಡೆ’ಗೆ ವ್ಯಕ್ತಿಗಳು ಬೇಕು, ಇಲ್ಲವೇ ವಸ್ತು, ಆಟ ಬೇಕು: ಕುಡುಕರ ಅಡ್ಡೆ, ಪುಂಡರ ಅಡ್ಡೆ, ಇಸ್ಪೀಟ್ ಅಡ್ಡೆ, ಗಾಂಜಾ ಅಡ್ಡೆ. ‘ತಾಣ’ಕ್ಕೆ ಬೇಕಾದುದು ಚಟುವಟಿಕೆ. ‘ಇಸ್ಪೀಟ್ ತಾಣ’ ಎಂದು ಯಾರೂ ಹೇಳರು. ‘ಅನೈತಿಕ ಚಟುವಟಿಕೆಗಳ ಅಡ್ಡೆ’ ಎಂಬುದು ಅಲ್ಲಲ್ಲಿ ಕಾಣಿಸಿದರೂ ಎರಡು ಬಾಯಿಗಳ ಮಾತು ಒಂದೇ ಉಸಿರಿನಲ್ಲಿ ಬಂದಂತಿರುತ್ತದೆ.

‘ಅಡ್ಡೆ’ಯ ಚರಿತ್ರೆ ಕುತೂಹಲದ್ದು. ಹಿಂದಿಯ ‘ಅಡ್ಡಾ’ ಹಕ್ಕಿ ಕೂರುವ ಕೋಲು, ವಾಹನ ನಿಲ್ಲುವ ಎಡೆ. ಅಲ್ಲಿ ವಿಮಾನ ನಿಲ್ದಾಣವೂ ಬಸ್ ನಿಲ್ದಾಣವೂ ಅಡ್ಡಾಗಳೇ. ಬಂಗಾಳಿಯಲ್ಲಿ ಅದು ವಿದ್ಯಾವಂತರ ಹರಟೆಕೂಟ, ಅವರ ಹೆಮ್ಮೆಯ ವಿಷಯ. ಕನ್ನಡಕ್ಕೆ ಬಂದಾಗ ಅರ್ಥಸಂಕೋಚವೂ ಹೀನಾರ್ಥಪ್ರಾಪ್ತಿಯೂ ಒಟ್ಟಿಗೆ ನಡೆದವು. ‘ಜಿಲ್ಲಾ’ ಜಿಲ್ಲೆಯಾದಂತೆ, ‘ಖಾತಾ’ ಖಾತೆಯಾದಂತೆ, ‘ದರ್ಜಾ’ ದರ್ಜೆಯಾದಂತೆ ‘ಅಡ್ಡಾ’ ಎಕಾರಾಂತವಾಗಿ ‘ಅಡ್ಡೆ’ಯಾಯಿತು; ಆ ರೂಪದಲ್ಲಿ ಅದು ಪೊಲೀಸ್ ದಾಳಿಯ ವರದಿಗಳಿಂದ ಹೊರಗೆ ಕಾಣಿಸುವುದೇ ಅಪರೂಪ. ಈಚೆಗೆ ಚಹಾ, ಬಿರಿಯಾನಿ, ದೋಸೆ ಅಂಗಡಿಗಳ ಫಲಕಗಳಲ್ಲಿ ‘ಅಡ್ಡಾ’ ಎಂಬ ಆಕಾರಾಂತ ರೂಪ ಮರಳಿ ಬಂದಿದೆ. ‘ಬಿರಿಯಾನಿ ಅಡ್ಡಾ’ಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಬಹುದು, ‘ಬಿರಿಯಾನಿ ಅಡ್ಡೆ’ ಎಂದರೆ ಆಹಾರ ಸುರಕ್ಷತೆಯ ಅಧಿಕಾರಿಗಳು ಬರುವರೇನೋ ಎನಿಸುತ್ತದೆ. ಒಂದೇ ಪದದ ಎರಡು ಕೊನೆಸ್ವರಗಳು ಎರಡು ನೀತಿಮೌಲ್ಯಗಳನ್ನು ಹಂಚಿಕೊಂಡಿರುವ ಈ ಬಗೆ ಎರವಲು ಪದಗಳ ಅಧ್ಯಯನಕಾರರ ಗಮನಕ್ಕೆ ಅರ್ಹವಾಗಿದೆ. ಇಂಗ್ಲಿಷಿನ ‘ಡೆನ್’ ಪಡೆದ ಹಾಸ್ಯದ ಸಡಿಲಿಕೆಯನ್ನು ಕನ್ನಡದಲ್ಲಿ ಯಾವುದಾದರೂ ಪದ ಪಡೆಯುತ್ತಿದ್ದರೆ ಅದು ಈ ‘ಅಡ್ಡಾ’.

ದಾವಣಗೆರೆಯಲ್ಲಿ ಇದಕ್ಕೆ ಹೊಂದುವ ಮತ್ತೊಂದು ಪದ ‘ಭಟ್ಟಿ’. ಮಂಡಕ್ಕಿಗೆ ಹೆಸರಾದ ಈ ಊರಿನಲ್ಲಿ ಮಂಡಕ್ಕಿ ಹುರಿಯುವ ಒಲೆಮನೆಗಳಿಗೆ ಭಟ್ಟಿ ಎಂದೇ ಹೆಸರು. ಮಂಡಕ್ಕಿ ಭಟ್ಟಿ ಬಡಾವಣೆ ಎಂಬ ಪ್ರದೇಶವೇ ಇದೆ. ಹೊಗೆ, ಬಿಸಿ, ದುಡಿಮೆ, ಸಂಜೆಗೆ ಮಿರ್ಚಿಯೊಂದಿಗೆ ಮಂಡಕ್ಕಿ, ಇವು ಆ ಪದದ ಸುತ್ತಲಿನ ನೆನಪುಗಳು. ಅದೇ ಪದಕ್ಕೆ ‘ಕಳ್ಳ’ ಸೇರಿದರೆ ‘ಕಳ್ಳಭಟ್ಟಿ’: ಮೊದಲು ಸ್ಥಳ, ಬಳಿಕ ಅಲ್ಲಿ ಇಳಿಸಿದ ಸಾರಾಯಿ. ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿ ಮಾರಾಟ ನಿಂತ ಮೇಲೂ ಪದ ಉಳಿದಿದೆ. (ಇತರರ ಬರಹವನ್ನು ನಕಲಿಸುವುದಕ್ಕೂ ‘ಭಟ್ಟಿ ಇಳಿಸು’ ಎನ್ನುವುದುಂಟು; ಆ ಅರ್ಥದ ಉದಾಹರಣೆಗಳಿಗಾಗಿ ವಿದ್ವತ್ ವಲಯದಿಂದ ಹೊರಗೆ ಹುಡುಕಬೇಕಾಗಿಲ್ಲ.) ಇಲ್ಲಿ ದೋಷ ‘ಕಳ್ಳ’ ಎಂಬ ವಿಶೇಷಣದಲ್ಲಿದೆ, ಭಟ್ಟಿಯಲ್ಲಿಲ್ಲ. ವಿಶೇಷಣವನ್ನು ಕಳಚಿದರೆ ಸ್ಥಳವಾಚಕ ಮತ್ತೆ ಶುದ್ಧ. ‘ಅಡ್ಡೆ’ಯಲ್ಲಿ ಹಾಗಲ್ಲ, ದೋಷ ಪದದೊಳಗೇ ಇಳಿದಿದೆ.

‘ತಾಣ’ ಈ ಎರಡೂ ಗುಂಪುಗಳಿಗೆ ಸೇರದು. ‘ಸ್ಥಾನ’ದ ತದ್ಭವವಾದ ಇದು ತನ್ನಷ್ಟಕ್ಕೆ ಒಳ್ಳೆಯ ಪದ: ಪ್ರವಾಸಿ ತಾಣ, ಪ್ರೇಕ್ಷಣೀಯ ತಾಣ, ಜಾಲತಾಣ. ಆದೇಶ ಸಂಧಿಯಿಂದ ತಕಾರಕ್ಕೆ ದಕಾರ ಬಂದು ನಿಲ್ದಾಣ, ತಂಗುದಾಣಗಳಾಗಿವೆ. ‘ಬಸ್ ತಂಗುದಾಣ ಅನೈತಿಕ ಚಟುವಟಿಕೆಗಳ ತಾಣ’ ಎಂಬ ಮಾದರಿಯ ಶೀರ್ಷಿಕೆಯಲ್ಲಿ ಒಂದೇ ಪದ ಎರಡು ವೇಷದಲ್ಲಿ ಬಂದು ತನ್ನನ್ನು ತಾನೇ ದೂರುತ್ತಿರುತ್ತದೆ.

4

ಇನ್ನು ನುಡಿಗಟ್ಟಿನ ಮೊದಲರ್ಧ. ‘ಚಟುವಟಿಕೆ’ಯೂ ಒಳ್ಳೆಯ ಪದವೇ, ಶಾಲೆಯಲ್ಲಿ ಪಠ್ಯೇತರ ಚಟುವಟಿಕೆಗಳಿವೆ, ಚಟುವಟಿಕೆಯ ಹುಡುಗ ಎಂದರೆ ಮೆಚ್ಚುಗೆ. ಈ ಸಂದರ್ಭದಲ್ಲಿ ಮಾತ್ರ ಅದರೊಳಗಿನ ‘ಚಟ’ ಕೇಳಿಸತೊಡಗುತ್ತದೆ. ಇದು ವ್ಯುತ್ಪತ್ತಿಯ ಮಾತಲ್ಲ, ಕಿವಿಯ ಮಾತು. ಎರಡು ಸಜ್ಜನ ಪದಗಳನ್ನು ಕೆಡಿಸುವ ಹೊಣೆ ಪೂರ್ತಿಯಾಗಿ ‘ಅನೈತಿಕ’ದ ಮೇಲೆ ಬೀಳುತ್ತದೆ.

‘ನೀತಿ’ಯಿಂದ ‘ನೈತಿಕ’, ಅದರಿಂದ ‘ಅನೈತಿಕ’. ಆಡುಮಾತಿನಲ್ಲಿ ‘ನೀತಿಗೆಟ್ಟ’ ಎನ್ನುವುದುಂಟು, ಆದರೆ ಆ ಮಾತು ಮನುಷ್ಯನಿಗೆ ಹತ್ತುತ್ತದೆ, ಕಟ್ಟಡಕ್ಕೆ ಹತ್ತುವುದಿಲ್ಲ. ಇಂದಿನ ಕನ್ನಡದಲ್ಲಿ ‘ಅನೈತಿಕ’ದ ಬಳಕೆಗೆ ಬಲ ಕೊಟ್ಟಿರುವ ಎರಡು ಜೋಡಿಪದಗಳು ‘ಅನೈತಿಕ ಸಂಬಂಧ’ ಮತ್ತು ‘ಅನೈತಿಕ ವ್ಯವಹಾರ’. ಎರಡನೆಯದು ಕಾನೂನಿನದು. 1956ರಲ್ಲಿ ಸಂಸತ್ತು ಅಂಗೀಕರಿಸಿದ, 1986ರ ತಿದ್ದುಪಡಿಯಲ್ಲಿ ಈಗಿನ ಹೆಸರು ಪಡೆದ ಅನೈತಿಕ ವ್ಯವಹಾರ ತಡೆ ಅಧಿನಿಯಮದ ಶೀರ್ಷಿಕೆಯ ಮೂಲಕ ‘ಅನೈತಿಕ’ಕ್ಕೆ ಸರ್ಕಾರದ ಮುದ್ರೆ ಬಿತ್ತು, ಲೈಂಗಿಕತೆಯ ನೆರಳೂ ಅಂಟಿತು. ಹೀಗಾಗಿ ‘ಅನೈತಿಕ ಚಟುವಟಿಕೆ’ ಎಂದು ಓದಿದವರ ಮನಸ್ಸು ಮೊದಲು ಓಡುವುದು ಒಂದೇ ದಿಕ್ಕಿಗೆ. ವರದಿಯ ಒಡಲನ್ನು ಓದಿದರೆ ಸಾಮಾನ್ಯವಾಗಿ ಅಲ್ಲಿ ಸಿಗುವುದು ಖಾಲಿ ಮದ್ಯದ ಬಾಟಲಿಗಳು, ಬೀಡಿ ಸಿಗರೇಟಿನ ತುಂಡುಗಳು, ಹರಿದ ಇಸ್ಪೀಟ್ ಎಲೆಗಳು. ಶೀರ್ಷಿಕೆ ಸೂಚಿಸಿದ್ದೊಂದು, ಸಾಕ್ಷಿ ಹೇಳುವುದು ಇನ್ನೊಂದು; ಎರಡರ ನಡುವಿನ ತೆರಪನ್ನು ಓದುಗ ತನ್ನ ಕಲ್ಪನೆಯಿಂದ ತುಂಬಿಕೊಳ್ಳುತ್ತಾನೆ. ಕುಡಿಯುವವರು, ಜೂಜಾಡುವವರು, ಮಾತನಾಡುತ್ತ ಕುಳಿತ ಪ್ರೇಮಿಗಳು, ಮಲಗಲು ಬೇರೆ ಜಾಗವಿಲ್ಲದೆ ರಾತ್ರಿ ಕಳೆದವರು, ಎಲ್ಲರೂ ಒಂದೇ ಬುಟ್ಟಿಗೆ ಬೀಳುತ್ತಾರೆ.

ಕಾನೂನಿನ ಭಾಷೆ ಈ ವಿಷಯದಲ್ಲಿ ಪತ್ರಿಕೆಯ ಭಾಷೆಗಿಂತ ಎಚ್ಚರದ್ದು ಎಂದರೆ ಆಶ್ಚರ್ಯವಾಗಬಹುದು. 1963ರ ಕರ್ನಾಟಕ ಪೊಲೀಸ್ ಅಧಿನಿಯಮವು ಜೂಜಿನ ಮನೆಯನ್ನು ನಡೆಸುವವನಿಗೆ 79ನೆಯ ಪ್ರಕರಣವನ್ನೂ, ಅಲ್ಲಿ ಸಿಕ್ಕಿಬಿದ್ದವನಿಗೆ 80ನೆಯ ಪ್ರಕರಣವನ್ನೂ, ಬೀದಿಯಲ್ಲಿ ಜೂಜಾಡುವವನಿಗೆ 87ನೆಯ ಪ್ರಕರಣವನ್ನೂ ಬೇರೆಬೇರೆಯಾಗಿ ಇರಿಸಿದೆ. ಇತ್ತ ಜನ ‘ಓಸಿ’ ಎಂದು ಕರೆಯುವ ಮಟ್ಕಾ ಜೂಜಿಗೆ 78ನೆಯದು. ಅನೈತಿಕ ವ್ಯವಹಾರ ತಡೆ ಅಧಿನಿಯಮದಲ್ಲಿಯೂ ಮನೆ ನಡೆಸುವವರು, ಅದಕ್ಕೆ ಜಾಗ ಕೊಡುವವರು, ಗಳಿಕೆಯ ಮೇಲೆ ಬದುಕುವವರು ಪ್ರತ್ಯೇಕವಾಗಿ ನಿಲ್ಲುತ್ತಾರೆ. ಕಾರಕಗಳ ಭಾಷೆಯಲ್ಲಿ ಹೇಳುವುದಾದರೆ, ಕಾನೂನಿನ ವಾಕ್ಯದಲ್ಲಿ ಕರ್ತೃವಿದ್ದಾನೆ, ಕ್ರಿಯೆಯಿದೆ, ಅಧಿಕರಣವಿದೆ. ‘ಸಮುದಾಯ ಭವನ ಅನೈತಿಕ ಚಟುವಟಿಕೆಗಳ ತಾಣವಾಗಿದೆ’ ಎಂಬ ವಾಕ್ಯವನ್ನು ನೋಡಿ. ಕ್ರಿಯಾಪದ ‘ಆಗು’, ಅಕರ್ಮಕ. ಚಟುವಟಿಕೆ ನಡೆಸುವವರು ಭಾವವಾಚಕದೊಳಗೆ ಕರಗಿಹೋಗಿದ್ದಾರೆ. ಅಧಿಕರಣವಾಗಿರಬೇಕಾದ ಭವನ ಪ್ರಥಮಾ ವಿಭಕ್ತಿಯಲ್ಲಿ ಕರ್ತೃಸ್ಥಾನಕ್ಕೆ ಬಂದು ಕೂತಿದೆ. ‘ಮಾರ್ಪಟ್ಟಿದೆ’ ಎಂದರಂತೂ, ಭವನವೇ ಕೆಟ್ಟ ಸಹವಾಸಕ್ಕೆ ಬಿದ್ದು ಹಾದಿ ತಪ್ಪಿದಂತೆ ಕೇಳಿಸುತ್ತದೆ.

‘ಕುಡುಕರ ಅಡ್ಡೆ’ಯಲ್ಲಿ ಒರಟುತನವಿದೆ, ಆದರೆ ಕುಡುಕರಾದರೂ ಇದ್ದಾರೆ. ಅದನ್ನು ಓದಿದವರು ‘ಯಾರು, ಎಷ್ಟು ಹೊತ್ತಿಗೆ’ ಎಂದು ಕೇಳಬಹುದು. ‘ಅಕ್ರಮ ಚಟುವಟಿಕೆಗಳ ತಾಣ’ ಎಂದಿದ್ದರೆ ಯಾವ ಕಾನೂನಿನ ಯಾವ ಉಲ್ಲಂಘನೆ ಎಂದು ಕೇಳಬಹುದು. ಅಕ್ರಮಕ್ಕೆ ದೂರು ದಾಖಲಿಸಬೇಕಾಗುತ್ತದೆ, ಸಾಬೀತುಪಡಿಸಬೇಕಾಗುತ್ತದೆ. ಅನೈತಿಕಕ್ಕೆ ಎರಡೂ ಬೇಡ. ವ್ಯಭಿಚಾರವು ಅಪರಾಧವಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ದಂಡಸಂಹಿತೆಯ 497ನೆಯ ಕಲಮನ್ನು 2018ರ ಸೆಪ್ಟೆಂಬರ್ 27ರಂದು ರದ್ದುಪಡಿಸಿದಾಗ ನ್ಯಾಯಶಾಸ್ತ್ರವು ಅನೈತಿಕವೆನಿಸುವುದರಿಂದ ಅಪರಾಧವನ್ನು ಇನ್ನಷ್ಟು ದೂರ ಸರಿಸಿತು. ಜಿಲ್ಲಾ ಪುಟದ ಕನ್ನಡದಲ್ಲಿ ಎರಡೂ ಇನ್ನೂ ಒಂದೇ ಸೂರಿನಡಿ ಇವೆ.

ಈ ನುಡಿಗಟ್ಟಿನಲ್ಲಿ ನನ್ನನ್ನು ಹೆಚ್ಚು ಕಾಡಿದ ಅಂಶ ಇನ್ನೊಂದು. ಅದು ಹತ್ತಿಕೊಳ್ಳುವ ಕಟ್ಟಡಗಳ ಸ್ವರೂಪವನ್ನು ಗಮನಿಸಿದರೆ ಬಹುಪಾಲು ಸಾರ್ವಜನಿಕ ಆಸ್ತಿಗಳು. ಯಾವುದೋ ಉದ್ದೇಶಕ್ಕೆ ಕಟ್ಟಿ, ಆ ಉದ್ದೇಶ ಕೈತಪ್ಪಿದವು. ಬೀಗ ಹಾಕಿದವರಾರು, ದುರಸ್ತಿಗೆ ಹಣ ಏಕೆ ಬರಲಿಲ್ಲ, ನೀರಿನ ಸಂಪರ್ಕ ಏಕೆ ಕೊಡಲಿಲ್ಲ ಎಂಬವು ಆಡಳಿತದ ಪ್ರಶ್ನೆಗಳು. ‘ಪಾಳು ಬಿದ್ದಿದೆ’ ಎಂಬ ಮಾತು ಆ ಪ್ರಶ್ನೆಗಳನ್ನು ಜೀವಂತವಾಗಿಡುತ್ತದೆ. ‘ಅನೈತಿಕ ಚಟುವಟಿಕೆಗಳ ತಾಣ’ ಎಂದೊಡನೆ ಅವು ನೀತಿಯ ಪ್ರಶ್ನೆಗಳಾಗಿ, ಹೊಣೆ ಕಟ್ಟಿಸಿದವರಿಂದ ಜಾರಿ ಬಳಸಿದವರ ಮೇಲೆ ಬೀಳುತ್ತದೆ. ವರದಿಗಾರನ ಉದ್ದೇಶ ಬಹುಮಟ್ಟಿಗೆ ಒಳ್ಳೆಯದೇ. ಅಧಿಕಾರಿಗಳನ್ನು ಎಚ್ಚರಿಸಲೆಂದೇ ಅವನು ಈ ಗಡುಸು ಮಾತನ್ನು ಆರಿಸುತ್ತಾನೆ. ಆದರೆ ಅಧಿಕಾರಿಗೆ ಈ ವಾಕ್ಯ ಸೂಚಿಸುವ ಸುಲಭ ಪರಿಹಾರ ಕಟ್ಟಡದ ದುರಸ್ತಿಯಲ್ಲ, ಜನರ ತೆರವು. ಬೆಂಚು ಕಿತ್ತರೆ, ಶೌಚಾಲಯಕ್ಕೆ ಬೀಗ ಹಾಕಿದರೆ, ತಂಗುದಾಣವನ್ನು ಕೆಡವಿದರೆ ತಾಣ ಇಲ್ಲವಾಗುತ್ತದೆ. ಜಗಳೂರಿನ ಕಡೆಯಿಂದ ಕೂಲಿಗೆ ಬಂದು ಸಂಜೆಯ ಬಸ್ಸಿಗೆ ಕಾಯುವ ಹೆಂಗಸಿಗೆ ನೆರಳೂ ಇಲ್ಲವಾಗುತ್ತದೆ.

ದಾವಣಗೆರೆ, ಹರಿಹರಗಳಲ್ಲಿ ಈ ಮಾತಿಗೆ ತೂಕ ಹೆಚ್ಚು, ಏಕೆಂದರೆ ಇವು ದೊಡ್ಡ ಬಾಗಿಲುಗಳು ಮುಚ್ಚಿದುದನ್ನು ಕಂಡ ಊರುಗಳು. ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿದ್ದ ದಾವಣಗೆರೆಯ ಹತ್ತಿ ಗಿರಣಿಗಳು ಒಂದೊಂದಾಗಿ ನಿಂತವು. 1941ರಲ್ಲಿ ಹರಿಹರದಲ್ಲಿ ಆರಂಭವಾಗಿ ಲೇತ್ ಯಂತ್ರಗಳಿಗೆ ದೇಶದಲ್ಲೆಲ್ಲ ಹೆಸರಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಹೊಸ ಶತಮಾನದ ಆರಂಭದ ವರ್ಷಗಳಲ್ಲಿ ಮುಚ್ಚಿತು. ಗಿರಣಿಯ ಸಿಳ್ಳೆಗೆ ಹೊತ್ತು ತಿಳಿಯುತ್ತಿದ್ದ ತಲೆಮಾರಿನವರು ಆ ಆವರಣಗಳನ್ನು ‘ಹಾಳುಬಿತ್ತು’ ಎಂದೇ ಹೇಳುತ್ತಾರೆ, ನಿಟ್ಟುಸಿರಿನೊಂದಿಗೆ. ಆ ಕ್ರಿಯಾಪದದಲ್ಲಿ ಕಾಲವಿದೆ, ಮೊದಲು ಹೀಗಿರಲಿಲ್ಲ ಎಂಬ ಅರಿವಿದೆ. ‘ತಾಣ’ಕ್ಕೆ ಭೂತಕಾಲವಿಲ್ಲ.

5

ಕನ್ನಡಕ್ಕೆ ಕೆಟ್ಟ ಜಾಗಗಳನ್ನು ಒಳಗಿನಿಂದ ನೋಡುವ ಅಭ್ಯಾಸವಿಲ್ಲದೆ ಇರಲಿಲ್ಲ. 10ನೆಯ ಶತಮಾನದ ಪಂಪ ‘ವಿಕ್ರಮಾರ್ಜುನ ವಿಜಯ’ದ ನಾಲ್ಕನೆಯ ಆಶ್ವಾಸದಲ್ಲಿ ಅರ್ಜುನನನ್ನು ಸೂಳೆಗೇರಿಯಲ್ಲಿ ಅಡ್ಡಾಡಿಸುತ್ತಾನೆ, ಅಲ್ಲಿನ ಮಾತು, ಜಗಳ, ಕುಡಿತ, ಅಣಕಗಳನ್ನು ಕಿವಿಗೊಟ್ಟು ಕೇಳಿಸುತ್ತಾನೆ. ‘ಕೇರಿ’ ಊರಿನ ಒಳಗಿನದು, ಅಲ್ಲಿ ಹೆಸರುಳ್ಳವರು ಇದ್ದಾರೆ, ಅವರು ಮಾತನಾಡುತ್ತಾರೆ. ಅದನ್ನು ಮೆಚ್ಚಬೇಕೆಂದು ನಾನು ಹೇಳುತ್ತಿಲ್ಲ. ಆ ವರ್ಣನೆಯ ಕಣ್ಣು ಗಂಡಸಿನದೇ, ಅರಮನೆಯದೇ. ಆದರೂ ‘ತಾಣ’ದೊಳಗಿನಿಂದ ಒಂದೇ ಒಂದು ದನಿಯಾದರೂ ಕೇಳಿಸಿದ ವರದಿಯನ್ನು ನಾನು ಓದಿಲ್ಲ. 12ನೆಯ ಶತಮಾನದ ವಚನಕಾರ್ತಿ ಸೂಳೆ ಸಂಕವ್ವೆ ತನ್ನ ವೃತ್ತಿನಾಮವನ್ನು ಹೆಸರಿನ ಮುಂದೆಯೇ ಉಳಿಸಿಕೊಂಡವಳು; ನಿರ್ಲಜ್ಜೇಶ್ವರ ಎಂಬುದು ಅವಳ ಅಂಕಿತ. ದೊರೆತಿರುವುದು ಒಂದೇ ವಚನ.

ಈ ಮಾತು ನಮ್ಮನ್ನು ಇದೇ ಜಿಲ್ಲೆಯ ಒಂದು ಸ್ಥಳನಾಮಕ್ಕೆ ತರುತ್ತದೆ. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ರಚನೆಯಾದಾಗ ಶಿವಮೊಗ್ಗದಿಂದ ಬಂದು ಸೇರಿದ ಚನ್ನಗಿರಿ ತಾಲ್ಲೂಕಿನಲ್ಲಿ ಸೂಳೆಕೆರೆಯಿದೆ; ಕಡತಗಳಲ್ಲಿ ಶಾಂತಿಸಾಗರ. ಐತಿಹ್ಯದ ಒಂದು ಪಾಠದಂತೆ, ರಾಜಕುಮಾರಿ ಶಾಂತವ್ವೆ ಕೆರೆ ಕಟ್ಟಿಸಲು ಹೊರಟಾಗ ಆ ನೆಲ ಸೂಳೆಯರದಾಗಿತ್ತು. ಕೆರೆಗೆ ತಮ್ಮ ಹೆಸರು ಇಡುವುದಾದರೆ ಕೊಡುತ್ತೇವೆಂದು ಅವರು ಷರತ್ತು ಹಾಕಿದರು. ಗುಹಾಸುರ ಕೇಳಿದ್ದನ್ನೇ ಇವರೂ ಕೇಳಿದರು. ಈ ನೀರು ಇಂದು ಚಿತ್ರದುರ್ಗದವರೆಗೂ ಕುಡಿಯಲು ಹೋಗುತ್ತದೆ.

‘ಶಾಂತಿಸಾಗರ’ ಎಂಬ ಹೆಸರಿಗೂ ಐತಿಹ್ಯದಲ್ಲೇ ಆಧಾರವಿದೆ, ರಾಜಕುಮಾರಿಯ ಹೆಸರು ಅದರಲ್ಲಿ ಉಳಿದಿದೆ ಎಂದು ಸಮರ್ಥಿಸುವವರಿದ್ದಾರೆ. ಅದು ಸರಿಯಾದ ಮಾತು. ಆದರೆ ಈ ಆಯ್ಕೆಯಲ್ಲಿ ಕಟ್ಟಿಸಿದವಳು ಉಳಿದು ನೆಲ ಕೊಟ್ಟವರು ಅಳಿಯುತ್ತಾರೆ. ಕಥೆಯ ಷರತ್ತನ್ನು ಮುರಿದುದು ಕಡತ. ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳ ಸೂಳೆಬಾವಿಗಳ ಹೆಸರನ್ನು ಹೇಳುವಾಗಲೂ ಮುಜುಗರಪಡುವವರಿದ್ದಾರೆ. ಆ ಮುಜುಗರ ಬರುವುದು ‘ಸೂಳೆ’ ಎಂಬ ಪದಕ್ಕೆ ಆದ ಹೀನಾರ್ಥಪ್ರಾಪ್ತಿಯಿಂದ. ಶಾಸನಗಳಲ್ಲಿ ಈ ಪದ ದೇವಾಲಯದ ಸೇವೆಗೆ ನೇಮಕಗೊಂಡು ವೃತ್ತಿ ಪಡೆಯುತ್ತಿದ್ದವರ ಪಟ್ಟಿಯಲ್ಲಿ, ವಾದ್ಯಗಾರರ ಮತ್ತು ಅಡುಗೆಯವರ ಜೊತೆಗೆ ಬರುತ್ತದೆ. ಆ ವ್ಯವಸ್ಥೆಯನ್ನು ಹಾಡಿಹೊಗಳುವ ಉದ್ದೇಶವಿಲ್ಲ. ಮುಂದೆ ಅದು ಯಾವ ರೂಪ ತಾಳಿತು, ದೇವದಾಸಿ ಸಮರ್ಪಣೆಯನ್ನು ನಿಷೇಧಿಸಲು 1982ರಲ್ಲಿ ರಾಜ್ಯವು ಅಧಿನಿಯಮ ತರಬೇಕಾಗಿ ಬಂದುದೇಕೆ ಎಂಬುದು ಈ ಸೀಮೆಯವರಿಗೆ ತಿಳಿದದ್ದೇ. ಪದವನ್ನು ಅಳಿಸಿ ಆ ಚರಿತ್ರೆಯನ್ನು ತೊಳೆಯಲಾಗದು ಎಂಬುದು ನನ್ನ ವಾದ.

ಅನುವಾದಕರಿಗೂ ದ್ವಿಭಾಷಾ ನಿಘಂಟುಕಾರರಿಗೂ ಇದರಿಂದ ಒಂದು ಪ್ರಾಯೋಗಿಕ ಸೂಚನೆ ಹೊರಡುತ್ತದೆ. ‘ಡೆನ್ ಆಫ್ ಇನಿಕ್ವಿಟಿ’ಗೆ ಒಂದೇ ಸಮಾನಪದ ಕೊಡುವುದನ್ನು ಬಿಟ್ಟು, ಪ್ರವಚನದ ಸಂದರ್ಭಕ್ಕೆ ಪಾಪಕೂಪ, ಪೊಲೀಸ್ ಸಂದರ್ಭಕ್ಕೆ ಯಾರ, ಯಾವುದರ ಎಂಬುದನ್ನು ಹೇಳುವ ಅಡ್ಡೆ, ಸಲುಗೆಯ ಹಾಸ್ಯಕ್ಕೆ ಹಾಳು ಕೊಂಪೆ ಎಂದು ಸಂದರ್ಭಸಹಿತ ನಮೂದಿಸುವುದು ಲೇಸು. ‘ಅನೈತಿಕ ಚಟುವಟಿಕೆಗಳ ತಾಣ’ವನ್ನು ಅದರ ಸಮಾನಪದವಾಗಿ ಕೊಡದೆ, ಸ್ವತಂತ್ರ ಕನ್ನಡ ನುಡಿಗಟ್ಟೆಂದು ಬೇರೆ ನಮೂದಿನಲ್ಲಿಟ್ಟು, ‘ವರದಿಗಳಲ್ಲಿ, ಕರ್ತೃವನ್ನು ಹೇಳುವುದಿಲ್ಲ’ ಎಂಬ ಟಿಪ್ಪಣಿ ಸೇರಿಸಬೇಕು. ‘ಅಡ್ಡಾ’ ಮತ್ತು ‘ಅಡ್ಡೆ’ಗಳನ್ನು ಒಂದೇ ನಮೂದಿನ ಪಾಠಾಂತರಗಳೆಂದು ಕಾಣುವ ಕಾಲ ಮುಗಿದಿದೆ.

ಸೂಳೆಕೆರೆಗೆ ಇಂಥ ತಿದ್ದುಪಡಿಯ ಅಗತ್ಯ ಬಿದ್ದಂತಿಲ್ಲ. ಫಲಕದಲ್ಲಿ ಯಾವ ಹೆಸರಿದ್ದರೂ, ಚನ್ನಗಿರಿಯ ಬಸ್ಸಿನಲ್ಲಿ ಕಂಡಕ್ಟರ್ ಟಿಕೆಟ್ ಹರಿಯುವಾಗ ಮುದುಕಿಯರು ಕೇಳುವುದು ಹಳೆಯ ಹೆಸರನ್ನೇ. ಅವರೂ ನಗುವುದಿಲ್ಲ, ಅವನೂ ನಗುವುದಿಲ್ಲ.